ವೃದ್ಧಾಶ್ರಮದಾಗ ಬ್ಯಾಸಗಿ ಹಬ್ಬಕ್ಕ ಏನ್ ಮಾಡ್ಸೋಣ್ರಿ? ಡಿಜೆ ಬಿಟ್ಟು ಹೇಳ್ರಿ

ನವನಗರದಾಕಿ (ಹುಬ್ಬಳ್ಳಿ)

ಎಲ್ಲಾರಿಗೂ ನಮಸ್ಕಾರ್ರಿ. ನಾ ಹುಬ್ಬಳ್ಳಿಯಾಗ ಒಂದು ವೃದ್ಧಾಶ್ರಮದಾಗ ಕೆಲಸಾ ಮಾಡ್ತೀನಿ, ಯಾವುದು ಅಂತ ಬ್ಯಾಡ ಬಿಡ್ರಿ. ಆಫೀಸ್ ಕೆಲಸಕ್ಕಂತ ತೊಗೊಂಡ್ರು, ಈಗ ಹಬ್ಬ ಹುಣ್ಣಿವಿ ಬಂದ್ರ ಪ್ರೋಗ್ರಾಮ್ ಮಾಡ್ಸೋದೂ ನನ್ನ ಕೊಳ್ಳಿಗೇ ಬಿದ್ದೇತಿ. ಒಟ್ಟ 34 ಮಂದಿ ಅದಾರ, 21 ಮಂದಿ ಅಮ್ಮಾರು, 13 ಮಂದಿ ಅಜ್ಜಾರು. ಅದರಾಗ 6 ಮಂದಿ ಹಾಸಿಗಿ ಬಿಟ್ಟು ಏಳಂಗಿಲ್ಲ, ನಾಕೈದು ಮಂದಿಗೆ ಮರವು ಭಾಳ, ಉಳದವ್ರು ಗಟ್ಟಿ ಅದಾರ, ಒಬ್ಬ ಅಜ್ಜಾರಂತೂ ನಾ ಬರೂದ್ರಾಗ ಪೇಪರ್ ಪೂರಾ ಓದಿ ಮುಗಿಸಿ ಗೇಟಿನ್ಯಾಗ ನಿಂತು ನನಗ ಪ್ರಶ್ನೆ ಕೇಳ್ತಾರ.

ಹೋದ ವರ್ಷದ ಬಸವ ಜಯಂತಿ ಕತಿ ಹೇಳ್ತೀನಿ ಕೇಳ್ರಿ. ನಾ ಆಗಿನ್ನೂ ಹೊಸಾಕಿ. ಪೆಂಡಾಲ್ ಹಾಕ್ಸಿದ್ರು, ಮುಂಜಾನೆ 10ಕ್ಕ ಅಂದಿದ್ದು ಗೆಸ್ಟ್ ಬರೂದ್ರಾಗ 12 ಹೊಡೀತು, ಆ ಪೆಂಡಾಲು ಕಾದ ಹಂಚಿನಂಗ ಆಗಿತ್ತು. ಭಾಷಣ, ಶಾಲು, ಹಣ್ಣು, ಫೋಟೋ, ಮತ್ತ ಭಾಷಣ. ಆಮ್ಯಾಲೆ ಕಾಲೇಜ್ ಹುಡುಗ್ರು ಡಿಜೆ ಹಚ್ಚಿ ಕುಣದ್ರು, ಪಾಪ ಅವರದೇನೂ ತಪ್ಪಿಲ್ಲ, ಬರ್ರಿ ಅಂದಾವ್ರು ನಾವು. ಕಿವಿ ಮಷಿನ್ ಹಾಕ್ಕೊಳ್ಳೋ ಅಜ್ಜಾರು ಮಷಿನ್ ತಗದು ಕಿಸೆದಾಗ ಇಟ್ಕೊಂಡು ಕುಂತುಬಿಟ್ರು. ಒಬ್ಬಾಕಿ ಅಮ್ಮಗ ಚಕ್ಕರ್ ಬಂತು, ಒಳಗ ಕರ್ಕೊಂಡು ಹೋಗಿ ಮಲಗಿಸಿದ್ವಿ. ಸಂಜಿಗೆ ಅಕಿನ್ನ ಕೇಳಿದೆ, ಹೆಂಗಿತ್ತಬೇ ಹಬ್ಬ ಅಂತ. "ಚಲೋ ಆತವ್ವ ಅವರದು" ಅಂದ್ಲು.

ಅವರದು! ಆ ಮಾತು ಇನ್ನೂ ತಲ್ಯಾಗಿಂದ ಹೋಗಿಲ್ಲ ನೋಡ್ರಿ.

ಈ ಸಲ ಯುಗಾದಿಯಿಂದ ಬಸವ ಜಯಂತಿ ತನಕ ನಡುವಿನ ಟೈಮಿನ್ಯಾಗ ನೀನ ಏನಾರ ಪ್ಲಾನ್ ಮಾಡು ಅಂತ 15,000 ರೂಪಾಯಿ ಕೊಟ್ಟಾರ. ಆ ರೊಕ್ಕದಾಗ ಹಿರಿಯಾರಿಗೆ ಖರೇನ ಮಜಾ ಅನಸೂ ಹಂಗ ಏನ್ ಮಾಡಬೌದು? ಮಾಡಿ ನೋಡಿದವ್ರು ಇದ್ರ ಹೇಳ್ರಿ. ಗೂಗಲ್ ಮಾಡಿದ್ರ ಬೀಚ್ ಪಾರ್ಟಿ ಮಾಡ್ರಿ ಅಂತ ಬರಾಕತ್ತೈತಿ, ಹುಬ್ಬಳ್ಳಿಯಾಗ ಬೀಚ್ ಎಲ್ಲಿಂದ ತರ್ಲಿ.

ಗಿರ್ಮಿಟ್ ಗೆಳೆಯ (ಧಾರವಾಡ)

ಉಣಕಲ್ ಕೆರಿಗೆ ಕರ್ಕೊಂಡು ಹೋಗ್ರಿ ಅಕ್ಕಾರ, ಸಂಜಿ ಗಾಳಿ ಮಸ್ತ್ ಇರತೈತಿ. ಒಂದು ಮಿನಿ ಬಸ್ ಮಾಡ್ರಿ, ದಂಡಿ ಮ್ಯಾಲೆ ಕುಂದ್ರಸ್ರಿ, ಗಿರ್ಮಿಟ್ ಮಿರ್ಚಿ ತಿನಸ್ರಿ, ಮುಗೀತು. ಇಲ್ಲಿಕಂದ್ರ ಹೌಸಿ ಆಡಸ್ರಿ, ನಮ್ಮ ಅಪಾರ್ಟ್‌ಮೆಂಟಿನ್ಯಾಗ ಅಜ್ಜಾರು ಹೌಸಿಗೆ ಜಗಳಾ ಆಡ್ತಾರ. ಡಿಜೆ ಬಗ್ಗೆ ಮಾತ್ರ ನನ್ನ ಒಪ್ಪಿಗಿ ಇಲ್ಲ, ವಾಲ್ಯೂಮ್ ಕಡಿಮಿ ಮಾಡಿ ಹಳೇ ಹಾಡು ಹಚ್ಚಿದ್ರ ಅದೂ ನಡೀತೈತಿ.

ಹಾವೇರಿ ಸಿಸ್ಟರ್

ನಾನು ನರ್ಸ್, 19 ವರ್ಷ ಆತು, ಅದರಾಗ ಕಡೀ 8 ವರ್ಷ ಬರೇ ವಯಸ್ಸಾದವರ ನಡುವೇನ. ಗಿರ್ಮಿಟ್ ತಮ್ಮಾ, ಮಿರ್ಚಿ ತಿನಸ್ರಿ ಅಂತ ಆರಾಮ ಬರದೀ, ಮರುದಿನ ಮುಂಜಾನೆ ಡ್ಯೂಟಿ ನಂದು ಇರತೈತಿ.

ಮೊದಲ ಹೊತ್ತು ನೋಡ್ರಿ. ಏಪ್ರಿಲ್‌ನ್ಯಾಗ ನಮ್ಮ ಕಡೆ ಮಧ್ಯಾಹ್ನ 37-38 ಡಿಗ್ರಿ ಮುಟ್ಟತೈತಿ. ವಯಸ್ಸಾದವರಿಗೆ ನೀರಡಿಕಿನೂ ಸರಿಯಾಗಿ ತಿಳಿಯಂಗಿಲ್ಲ, ಬೆವರೂ ಕಡಿಮಿ, ಒಳಗಿನ ಜಳಾ ಹೊರಗ ಹೋಗಂಗಿಲ್ಲ, ಮ್ಯಾಲೆ ಬಿಪಿಗಂತ ಮೂತ್ರದ ಗುಳಿಗಿ ತೊಗೊಂಡಿರ್ತಾರ, ಅದು ಮೈಯಾಗಿನ ನೀರು ಇನ್ನೂ ಎಳೀತೈತಿ. ನಿಮ್ಮ ಅಮ್ಮಗ ಚಕ್ಕರ್ ಬಂದಿದ್ದು ಅದಕ್ಕ ಇರಬೇಕು. ಅದರ ಸಲುವಾಗಿ ಏನ ಮಾಡಿದ್ರೂ ಮುಂಜಾನೆ 8ರಿಂದ 10, ಇಲ್ಲಾ ಸಂಜಿ 5ರ ಮ್ಯಾಲೆ. ಮಧ್ಯಾಹ್ನ ಮಲಗಾಕ ಬಿಡ್ರಿ, ಮಂತ್ರಿಗಳು ಬರ್ತಾರ ಅಂದ್ರೂ ಬಿಡ್ರಿ. ಒಂದೂವರಿ ತಾಸಿನ ಮ್ಯಾಲೆ ಎಳೀಬ್ಯಾಡ್ರಿ, ಪ್ಲಾಸ್ಟಿಕ್ ಸ್ಟೂಲ್ ಇಡಬ್ಯಾಡ್ರಿ, ಕೈ ಇರೋ ಕುರ್ಚಿನ ಬೇಕು ಏಳಾಕ. ಪಾಯಖಾನಿ ಹತ್ರ ಇರಬೇಕು. ಕೆರಿ ಟ್ರಿಪ್ಪಿಗೆ ಹಿರಿಯಾರು ಯಾಕ ಒಲ್ಲೆ ಅಂತಾರ ಗೊತ್ತೇನು, ಗಾಳಿ ಬ್ಯಾಡಂತಲ್ಲ, ನಡುವ ಅವಸರ ಆದ್ರ ಎಲ್ಲಿಗೆ ಹೋಗ್ಲಿ ಅನ್ನೋ ಅಂಜಿಕಿ. ಬಾಯಿ ಬಿಟ್ಟು ಹೇಳಂಗಿಲ್ಲ ಅವ್ರು.

ತಿನ್ನೋದು: ಕೋಸಂಬರಿ ಹೆಸರಬ್ಯಾಳಿ ನೆನಸಿ ಹಂಗ ಕೊಟ್ರ ಹಲ್ಲಿಲ್ಲದವರಿಗೆ ಗಂಟಲಾಗ ಸಿಗತೈತಿ, ಒಂದು ಕುದಿ ಬರಸಿ ಮೆತ್ತಗ ಮಾಡ್ರಿ. ಗಿರ್ಮಿಟ್ ಆಸೆ ಇದ್ದವರಿಗೆ ಚುರಮುರಿ ಸೂಸಲಾ ಮಾಡ್ರಿ, ಚುರಮುರಿ ನೀರಾಗ ನೆಂದು ಹಿಂಡಿ ಒಗ್ಗರಣಿ ಹಾಕಿದ್ದು ಬಾಯಾಗ ಕರಗತೈತಿ, ಮ್ಯಾಲೆ ಸ್ವಲ್ಪ ಮಾವಿನಕಾಯಿ ತುರಿ. ಆಪೂಸ್ ಬಂದಿದ್ರ ಸೀಕರಣಿ ಮಾಡ್ರಿ, ಶುಗರ್ ಇದ್ದವರಿಗೂ ಸಣ್ಣ ಬಟ್ಟಲದಾಗ ಕೊಡ್ರಿ, ಆದ್ರ ಅವತ್ತು ಬ್ಯಾರೆ ಸಿಹಿ ಇಲ್ಲ ಅಂತ ಮೊದಲ ಹೇಳಿ, ಡಾಕ್ಟರ್‌ನೂ ಕೇಳಿ. ಮಜ್ಜಿಗಿ ಎಲ್ಲಾರಿಗೂ ಅಂತ ಕೊಡ ತುಂಬಿಸಿ ಇಡತೀರಿ, ಹೃದಯದ್ದು ಕಿಡ್ನಿದ್ದು ತ್ರಾಸ ಇದ್ದವರಿಗೆ ನೀರಿನ ಲೆಕ್ಕ ಇರತೈತಿ, ಅವರ ಹೆಸರಿನ ಚೀಟಿ ಅಡಿಗಿಯವರ ಕೈಯಾಗ ಇರಲಿ.

ಇನ್ನ ಮಜಾದ ವಿಷಯ. ಬಸವ ಜಯಂತಿಗೆ ತೊಟ್ಟಿಲಾ ಕಟ್ಟಸ್ರಿ. ಬಸವಣ್ಣನ್ನ ತೊಟ್ಟಿಲದಾಗ ಹಾಕಿ ಜೋಗುಳ ಹಾಡೋದು ನಮ್ಮ ಕಡೆ ಮನಿಮನಿಗೆ ಗೊತ್ತಿರೋದ. ನಾ ಇದ್ದ ಕಡೆ ಒಬ್ಬಾಕಿ ಅಮ್ಮ ಇದ್ಲು, ಮರವು ಎಷ್ಟಂದ್ರ ಮಗ ಎದುರಿಗೆ ಬಂದು ನಿಂತ್ರ ಯಾರಪಾ ನೀ ಅಂತಿದ್ಲು. ತೊಟ್ಟಿಲದ ಹಗ್ಗ ಕೈಯಾಗ ಕೊಟ್ವಿ ನೋಡ್ರಿ, ಒಂದು ನುಡಿ ತಪ್ಪದಂಗ ಪೂರಾ ಜೋಗುಳ ಹಾಡಿದ್ಲು, ಹಗ್ಗ ಬಿಡಾಕ ಒಲ್ಲೆ ಅಂದ್ಲು. ಆ ಮಗ ಕಂಬದ ಹಿಂದ ಹೋಗಿ ನಿಂತಿದ್ದ. ಹಾಡು ಕಡೀಗೆ ಹೋಗತೈತ್ರಿ, ಹೆಸರು ಹೋದಮ್ಯಾಲೂ ಹಾಡು ಇರತೈತಿ, ಇದು ಒಬ್ಬರಲ್ಲ, ಭಾಳ ಮಂದಿಯೊಳಗ ನೋಡೀನಿ.

ಗದಗ ಮುತ್ಯಾ

ನನಗೆ 76 ವರ್ಷ. ಮಾಸ್ತರಿಕಿ ಮಾಡಿ ರಿಟೈರ್ ಆದಾಂವ. ಎರಡು ವರ್ಷದಿಂದ ನಾನೂ ಇಂಥಾದ್ದ ಒಂದು ಆಶ್ರಮದಾಗ ಇರ್ತೀನಿ, ನನ್ನ ಒಪ್ಪಿಗಿಲೇ ಬಂದೀನಿ, ಅಯ್ಯೋ ಅನ್ನೋ ಕಾರಣ ಇಲ್ಲ. ಈ ಪ್ರಶ್ನೆಗೆ ಇಲ್ಲಿ ತನಕ ಉತ್ತರಾ ಕೊಟ್ಟವರೊಳಗ ಆಶ್ರಮದಾಗ ಇರಾಂವ ನಾ ಒಬ್ಬನ ಕಾಣ್ತೀನಿ, ಅದಕ್ಕ ಸ್ವಲ್ಪ ಉದ್ದ ಬರೀತೀನಿ, ಟೈಪ್ ಮಾಡೋದು ನಿಧಾನ, ತಪ್ಪಿದ್ರ ಓದಿಕೊಳ್ರಿ.

ತಂಗೀ, ಮೊದಲ ಒಂದು ಮಾತು. ನಮ್ಮನ್ನ ಕುರ್ಚಿ ಸುತ್ತ ಓಡಸಬ್ಯಾಡ್ರಿ, ಬಲೂನ್ ಊದಸಬ್ಯಾಡ್ರಿ. ಯಾರೋ ಹುಡುಗಿ ಬಂದು ಮೈಕ್ ಹಿಡದು "ಇವ್ರೆಲ್ಲಾ ಪುಟ್ಟ ಮಕ್ಕಳಿದ್ದಂಗೆ" ಅಂತಾಳ. ನಾ 38 ವರ್ಷ ಪುಟ್ಟ ಮಕ್ಕಳಿಗೆ ಮಗ್ಗಿ ಕಲಸೀನಿ, ಮಕ್ಕಳು ಹೆಂಗಿರ್ತಾರ ನನಗ ಗೊತ್ತೈತಿ, ನಾ ಹಂಗಿಲ್ಲ.

ನಮಗ ಹೊರಗಿಂದೇನು ನೆನಪಾಗತೈತಿ ಅಂತ ನಿಮ್ಮ 28 ಮಂದಿನ್ನ ಕೇಳಿ ನೋಡ್ರಿ. ಯಾರೂ ಆರ್ಕೆಸ್ಟ್ರಾ ಅನ್ನಂಗಿಲ್ಲ. ನನಗ ಕೇಳಿದ್ರ ಸಂತಿ. ಕೈಯಾಗ ಚೀಲಾ ಹಿಡಕೊಂಡು ಸಂತ್ಯಾಗ ಅಡ್ಡಾಡಿ, ಬದನಿಕಾಯಿ ಒತ್ತಿ ನೋಡಿ, ಇದೇನಪಾ ಇಷ್ಟು ರೇಟು ಅಂತ ಜಗಳಾ ಆಡಿ, ಹೊಂಟಂಗ ಮಾಡಿ, ಅವ ಕರದಮ್ಯಾಲೆ ತಿರುಗಿ ಹೋಗೋದು. ಎರಡು ವರ್ಷ ಆತು ನಾ ಯಾರ ಜೋಡಿನೂ ಚೌಕಾಸಿ ಮಾಡಿಲ್ಲ. ಮೂರೂ ಹೊತ್ತು ಊಟ ತಾಟಿನ್ಯಾಗ ಬರತೈತಿ, ಅದು ಉಪಕಾರನ, ಇಲ್ಲ ಅನ್ನಂಗಿಲ್ಲ. ಆದ್ರ ಇವತ್ತಿನ ಪಲ್ಯೆ ಏನು ಅಂತ ಆರಿಸೋ ಕೆಲಸಾ ಹೋತಲ್ಲ, ಅದು ಹೋದಮ್ಯಾಲೆ ದಿನಾ ಎಲ್ಲಾ ಒಂದ ಥರ.

ಹಂಗಾಗಿ ನಿಮ್ಮ ಅಂಗಳದಾಗ ಒಂದು ಸಂತಿ ಕೂಡಸ್ರಿ. ಕಾಯಿಪಲ್ಯೆ ಮಾರೋ ಇಬ್ಬರು, ಹೂ ಮಾರಾಕಿ, ಬಳಿಗಾರ, ಒಂದು ಚುರಮುರಿ ಗಾಡಿ. ಒಬ್ಬೊಬ್ಬರಿಗೆ 50 ರೂಪಾಯಿ ಕೊಡ್ರಿ, ಚಿಲ್ಲರೆ ರೊಕ್ಕನ ಕೊಡ್ರಿ, ಕೂಪನ್ ಬ್ಯಾಡ, ಎಷ್ಟೋ ಮಂದಿ ರೊಕ್ಕ ಮುಟ್ಟಿ ವರ್ಷಗಟ್ಟಲೆ ಆಗಿರತೈತಿ. ವ್ಯಾಪಾರಸ್ಥರಿಗೆ ಮೊದಲ ಹೇಳಿಡ್ರಿ, ಬಂದು ಕೇಳಿದ ರೇಟಿಗೆ ಕೊಟ್ಟುಬಿಡಬ್ಯಾಡ್ರಿ, ಚೌಕಾಸಿ ಮಾಡ್ರಿ ಅಂತ. ಪಾಪ ಅಂತ ಕೊಟ್ರ ಆಟ ಕೆಡತೈತಿ. ಕೊಂಡಿದ್ದು ಅಡಿಗಿ ಮನಿಗೆ ಹೋಗಬೇಕು, ಮರುದಿನ ಅದ ಪಲ್ಯೆ ಆಗಬೇಕು.

ಇನ್ನೊಂದು, ರೇಡಿಯೋ. ಆಕಾಶವಾಣಿ ಧಾರವಾಡ ಸುರು ಆಗಿದ್ದು 1950ರ ಜನವರಿ 8ಕ್ಕ, ನನ್ನ ಓರಗಿಯವರು ಅದರ ಜೋಡಿನ ಬೆಳದವ್ರು, ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ ಅವರ ಹಾಡಿಕಿ ನಾವು ಟಿಕೆಟ್ ತೆಗೆಸಿ ಕೇಳಿದ್ದಲ್ಲ, ಪಂಚಾಯ್ತಿ ರೇಡಿಯೋದ ಮುಂದ ಕಟ್ಟಿ ಮ್ಯಾಲೆ ಕುಂತು ಕೇಳಿದ್ದು. ನಮ್ಮ ಆಶ್ರಮದಾಗ ನಾವ ಒಂದು ರೇಡಿಯೋ ಮಾಡೀವಿ. ಒಂದು ಪರದೆ, ಅದರ ಹಿಂದ ಒಂದು ಮೈಕು, ಕೋಣಿಕೋಣ್ಯಾಗ ಸಣ್ಣ ಸ್ಪೀಕರ್. ಅರ್ಧ ತಾಸು. ಒಬ್ರು ವಾರ್ತೆ ಓದ್ತಾರ, ಒಬ್ರು ಕೃಷಿ ಮಾಹಿತಿ ಹೇಳ್ತಾರ (35 ವರ್ಷ ಹತ್ತಿ, ಮೆಣಸಿನಕಾಯಿ ಬೆಳದಾಂವ, ಹುಡುಗಾಟ ಅಲ್ಲ), ಒಬ್ಬಾಕಿ ವಚನ ಹೇಳ್ತಾಳ, ಕೋರಿಕೆ ಅಂತ ಚೀಟಿ ಬರ್ತಾವ. ಇದರ ಗುಟ್ಟು ಏನಂದ್ರ ಹಾಸಿಗಿ ಹಿಡದವರಿಗೂ ಕೇಳಸತೈತಿ. ಪೆಂಡಾಲಿನ ಕಾರ್ಯಕ್ರಮ ಅವರ ಪಾಲಿಗೆ ಗೋಡಿ ಆಚಿಗಿನ ಗದ್ದಲಾ ಅಷ್ಟ. ನಿಮ್ಮ 6 ಮಂದಿನ್ನ ಮರೀಬ್ಯಾಡ್ರಿ.

ನಾಟಕದ್ದೂ ಬರೀಬೇಕಂದೆ. ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮದವರು ಆಶ್ರಮ ನಡಸಾಕ ನಾಟಕ ಕಂಪನಿ ಕಟ್ಟಿದವರು, ಜಾತ್ರಿಗೆ ಕಂಪನಿ ತಂಬು ಬಿತ್ತಂದ್ರ ನಾವು ಮೂರ ಸಲ ಅದ ನಾಟಕ ನೋಡತಿದ್ವಿ. ಡೈಲಾಗ್ ಇನ್ನೂ ಬಾಯಾಗ ಅದಾವ. ವೇಷ ಬ್ಯಾಡ, ಕುರ್ಚಿ ಮ್ಯಾಲೆ ಕುಂತ ಹೇಳಸ್ರಿ, ಹಾರ್ಮೋನಿಯಂದವನ್ನ ಒಬ್ಬನ್ನ ಕರೀರಿ ಸಾಕು. ಕೈ ನೋಯಾಕತ್ತಾವ, ಸಾಕು.

ಕುಂದಗೋಳ ಸೊಸಿ

ಮುತ್ಯಾರ ನಿಮ್ಮ ಪೋಸ್ಟ್ ಓದಿ ನಮ್ಮತ್ತಿಗೂ ಓದಿ ಹೇಳಿದೆ. ಸಂತಿ ಅಂದಕೂಡ್ಲೆ ಅಕಿ ಎದ್ದು ಕುಂತ್ಲು!

ನಂದೊಂದು ಸೇರಸ್ತೀನಿ. ಬ್ಯಾಸಗಿ ಅಂದ್ರ ನಮ್ಮ ಕಡೆ ಶ್ಯಾವಿಗಿ ಸಂಡಗಿ ಹಪ್ಪಳದ ಕಾಲ, ಓಣಿ ಹೆಣ್ಮಕ್ಕಳೆಲ್ಲಾ ಕೂಡಿ ಮಾಡೋದು, ಮಜಾ ಇರೋದು ಶ್ಯಾವಿಗ್ಯಾಗಲ್ಲ ಮಾತಿನ್ಯಾಗ. ಗವಲಿ (ಪಾಯಸಕ್ಕ ಹಾಕೋ, ಹಿಟ್ಟಿಂದ ಕೈಲೆ ಹೊಸದ ಸಣ್ಣ ಕಾಳು) ಹೊಸಿಯಾಕ ಕುಂದ್ರಸ್ರಿ ಅಮ್ಮಾರನ್ನ. ಶ್ಯಾವಿಗಿ ಮಷಿನ್ ತಿರುವಾಕ ಕಸುವು ಬೇಕು, ಕುರಡಗಿ ಕುದಿಯೋ ಹಿಟ್ಟಿನ ಹತ್ರ ಅವರನ್ನ ಬಿಡಾಕ ಆಗಂಗಿಲ್ಲ, ಗವಲಿ ಹಂಗಲ್ಲ, ಕುರ್ಚಿ ಮ್ಯಾಲೆ ಕುಂತು ಮಡಿಲಾಗ ತಾಟು ಇಟ್ಕೊಂಡು ಎರಡು ಬೆರಳಿಲೆ ಹೊಸದ್ರ ಆತು, ಬೆರಳಿಗೂ ಚಲೋ, ಕಣ್ಣು ಕಾಣದವರೂ ಮಾಡ್ತಾರ ಯಾಕಂದ್ರ ಅದು ಕೈಗೆ ಗೊತ್ತು. ಅಜ್ಜಾರಿಗೆ ಚೌಕಾಬಾರ ಹಾಕಿ ಕೊಡ್ರಿ, ನೆಲದ ಮ್ಯಾಲಲ್ಲ, ಟೇಬಲ್ ಮ್ಯಾಲೆ ದೊಡ್ಡ ಹಲಗಿಗೆ 25 ಮನಿ ದಪ್ಪಗೆ ಬಣ್ಣದಾಗ ಬರಸಿ. ನಾಕು ಕವಡಿ ಎಲ್ಲಾ ಅಂಗಾತ ಬಿದ್ರ ಚೌಕ, ಎಲ್ಲಾ ಬೋರಲ ಬಿದ್ರ ಬಾರ ಎಂಟು, ಇದು ಹೇಳಿ ಕೊಡೋದು ಬೇಕಿಲ್ಲ, ಮೋಸಾ ಮಾಡೋದೂ ಅವರಿಗೆ ಗೊತ್ತೈತಿ.

ಮತ್ತ ಒಡಪು! ಒಡಪು ಹಾಕಿ ಗಂಡನ ಹೆಸರು ಹೇಳ್ಸೋದು. ನಮ್ಮತ್ತಿ ಈಗಷ್ಟ ಹೇಳಿದ್ದು ಕೇಳ್ರಿ: "ಧಾರವಾಡ ಪೇಡೆ ಬಾಯಾಗ ಇಟ್ರ ಕರಗತೈತಿ, ರಾಯರ ಹೆಸರು ಹೇಳಂದ್ರ ನನ್ನ ಮಾರಿ ಯಾಕೋ ತಿರಗತೈತಿ." ಹೆಸರು ಮಾತ್ರ ಹೇಳ್ಲೇ ಇಲ್ಲ, ಒಳಗ ಓಡಿದ್ಲು.

ನವನಗರದಾಕಿ (ಹುಬ್ಬಳ್ಳಿ)

ಅಯ್ಯ ಶಿವನ, ಇಷ್ಟು ಬರೀತೀರಿ ಅನ್ಕೊಂಡಿರ್ಲಿಲ್ಲ. ಸಂತಿ ಪಕ್ಕಾ. ತೊಟ್ಟಿಲಾ ಪಕ್ಕಾ. ರೇಡಿಯೋ ಕೇಳಿದ ಪೇಪರ್ ಅಜ್ಜಾರು ವಾರ್ತೆ ನಾನ ಓದಾಂವ ಅಂತ ಈಗ ಬುಕ್ ಮಾಡ್ಯಾರ.

ಒಂದು ಕೇಳಬೇಕು, ಹೆಂಗ ಕೇಳಬೇಕು ತಿಳೀವಲ್ದು. 21 ಮಂದಿ ಅಮ್ಮಾರಾಗ 16 ಮಂದಿಗೆ ಗಂಡ ಇಲ್ಲ. ಬಳಿಗಾರನ್ನ ಕರದ್ರ, ಒಡಪು ಹಾಕಸಿದ್ರ ಅವರಿಗೆ ಸಂಕಟ ಆಗಂಗಿಲ್ಲೇನು? ಹೋದ ವರ್ಷ ಚೈತ್ರ ಗೌರಿ ಅರಿಷಿಣ ಕುಂಕುಮಕ್ಕ ಅಂತ ಯಾರೋ ಹೊರಗಿನವ್ರು ಬಂದು ಐದು ಮಂದಿಗೆ ಮಾತ್ರ ಉಡಿ ತುಂಬಿ ಹೋದ್ರು, ಉಳದ 16 ಮಂದಿ ಬಾಗಲಾ ಹಾಕ್ಕೊಂಡು ಒಳಗ ಇದ್ರು.

ಕುಂದಗೋಳ ಸೊಸಿ

ತಪ್ಪಾತು ನೋಡ್ರಿ, ಒಡಪಿನ ಮಾತು ಬರೀವಾಗ ನನ್ನ ತಲ್ಯಾಗ ಇದು ಬರ್ಲೇ ಇಲ್ಲ. ನಮ್ಮತ್ತಿ ಮುತ್ತೈದಿ, ಅದಕ್ಕ.

ಹಾವೇರಿ ಸಿಸ್ಟರ್

ಅರಿಷಿಣ ಕುಂಕುಮ ಬಿಡ್ರಿ, ಯಾರಿಗೂ ಬ್ಯಾಡ. ಹೂವು ಎಲ್ಲಾರಿಗೂ ಕೊಡ್ರಿ, ಪಾನಕ ಎಲ್ಲಾರಿಗೂ. ಬಳಿ ಬಗ್ಗೆ ನಾ ಕಂಡಿದ್ದು ಹೇಳ್ತೀನಿ, ಗುಂಪಿನ್ಯಾಗ ಕೇಳಿದ್ರ ಎಲ್ಲಾರೂ ಒಲ್ಲೆ ಅಂತಾರ, ಒಬ್ಬೊಬ್ಬರನ್ನ ಕೋಣ್ಯಾಗ ಕೇಳಿದ್ರ "ಯಾರೇನು ಅಂತಾರೋ" ಅಂತಾರ. ಅಂದ್ರ ಬ್ಯಾಡ ಅಂದಿಲ್ಲ ಅವ್ರು. ಬಳಿಗಾರ ಬರ್ಲಿ, ಮೂಲ್ಯಾಗ ಕುಂದರ್ಲಿ, ಬೇಕಾದವ್ರು ಹೋಗ್ತಾರ, ನೀವು ಫೋಟೋ ಮಾತ್ರ ತಗೀಬ್ಯಾಡ್ರಿ. ಹೋಗದವರನ್ನ ಎಳೀಬ್ಯಾಡ್ರಿ. ಒಡಪಿಗೆ ಗಂಡನ ಹೆಸರ ಯಾಕ ಬೇಕು, ತವರೂರಿನ ಹೆಸರು ಹಾಕಿ ಹೇಳಸ್ರಿ, ತವರು ಎಲ್ಲಾರಿಗೂ ಇರತೈತಿ.

ಹಳೇ ಹುಬ್ಬಳ್ಳಿ ಮಗ

ನಮ್ಮವ್ವ ಮೂರು ವರ್ಷದಿಂದ ಒಂದು ಆಶ್ರಮದಾಗ ಅದಾಳ. ಯಾಕ ಏನು ಅಂತ ಕೇಳಬ್ಯಾಡ್ರಿ, ಬೈಯೋದಿದ್ರ ಬ್ಯಾರೆ ಥ್ರೆಡ್ ತಗೀರಿ. ಒಂದ ಮಾತು ಹೇಳಾಕ ಬಂದೀನಿ. "ಫ್ಯಾಮಿಲಿ ಡೇ" ಅಂತ ಮಾಡಬ್ಯಾಡ್ರಿ. ನಾ ಹೋಗಿದ್ದೆ ಒಂದ್ಸಲ. ನಾವು ಒಂದಿಷ್ಟು ಮಂದಿ ನಮ್ಮ ನಮ್ಮ ಅವ್ವ ಅಪ್ಪನ ಪಕ್ಕ ಕುಂತು ಉಣಸಾಕತ್ತಿದ್ವಿ, ಯಾರೂ ಬರದವ್ರು ಗೇಟ್ ಕಡೆ ಮಾರಿ ಮಾಡಿ ಕುಂತಿದ್ರು. ತುತ್ತು ಗಂಟಲಾಗ ಇಳೀಲಿಲ್ಲ. ಬಂದವರಿಗೆ ಕೆಲಸಾ ಹಚ್ಚಿ ಬಿಡ್ರಿ. ಪಂಕ್ತಿ ಕೂಡಸಿ, ಬಂದ ಮಕ್ಕಳು ಮೊಮ್ಮಕ್ಕಳೆಲ್ಲಾ ಎಲ್ಲಾರಿಗೂ ಬಡಸ್ಲಿ. ಯಾರ ಮಗ ಯಾರು ಅಂತ ಗೊತ್ತಾಗಬಾರದು.

ಗಿರ್ಮಿಟ್ ಗೆಳೆಯ (ಧಾರವಾಡ)

ಮಿರ್ಚಿ ಮಾತು ವಾಪಸ್ ತೊಗೊಂಡೆ ಸಿಸ್ಟರ್. ನವನಗರದ ಅಕ್ಕಾರ, ನನ್ನ ಹತ್ರ ಹಳೇ ಆಂಪ್ಲಿಫೈಯರ್, ಆರು ಸಣ್ಣ ಸ್ಪೀಕರ್ ಅದಾವ, ವೈರ್ ಎಳದು ಕೊಡ್ತೀನಿ. ರೊಕ್ಕ ಬ್ಯಾಡ, ಸೂಸಲಾ ಕೊಟ್ರ ಸಾಕು.

ನವನಗರದಾಕಿ (ಹುಬ್ಬಳ್ಳಿ)

ಹಬ್ಬ ಮುಗದು ಎಂಟು ದಿನ ಆತು, ಬರೀತೀನಿ ಅಂದಿದ್ದೆ, ಈಗ ಟೈಮ್ ಸಿಕ್ತು.

ಮೊದಲ ಕೆಟ್ಟಿದ್ದು ಹೇಳ್ತೀನಿ. ಯುಗಾದಿ ದಿನ ಅಮ್ಮಾರಿಗೇ ಬೇವು ಮಾಡ್ರಿ ಅಂತ ಬಿಟ್ಟೆ, ಪುಟಾಣಿ ಹಿಟ್ಟು ಹಾಕಬೇಕು ಅನ್ನಾವ್ರು, ಮಾವಿನಕಾಯಿ ಇಲ್ಲದ್ದು ಬೇವ ಅಲ್ಲ ಅನ್ನಾವ್ರು, ಕಡೀಗೆ ಮೂರು ಪಾತೇಲಿ ಮೂರು ಥರ ಆತು, ಇಬ್ಬರು ಅವತ್ತಿಂದ ಮಾತ ಬಿಟ್ಟಾರ. ನಾಟಕ ಆಗ್ಲಿಲ್ಲ, ಹಾರ್ಮೋನಿಯಂದವರು ಬರ್ತೀನಂದು ಬರ್ಲಿಲ್ಲ. ತವರೂರಿನ ಒಡಪಿಗೆ ಒಬ್ಬಾಕಿ ಅಮ್ಮ ಊರಿನ ಹೆಸರು ಹೇಳಿ ಅತ್ತಬಿಟ್ಲು, ನನಗ ಏನ್ ಮಾಡ್ಬೇಕು ತಿಳೀಲಿಲ್ಲ, ಬಾಜೂಕ ಕುಂತಾಕಿ "ಅಳ್ಳಿ ಬಿಡವ್ವ, ಅದೂ ಬೇಕು" ಅಂದ್ಲು.

ತೊಟ್ಟಿಲಾ ಸಂಜಿ 5:30ಕ್ಕ ಇಟ್ಟಿದ್ವಿ. ಹೊರಗಿನ ಗೆಸ್ಟ್ ಒಬ್ಬರೂ ಇಲ್ಲ. ಹಾಸಿಗಿ ಹಿಡದ 6 ಮಂದಿ ಕೋಣಿಗೂ ತೊಟ್ಟಿಲಾ ಒಯ್ದು ಹಗ್ಗ ಕೈಯಾಗ ಕೊಟ್ವಿ, ಅದು ಪೇಪರ್ ಅಜ್ಜಾರ ಐಡಿಯಾ. ರೇಡಿಯೋ ಈಗ ವಾರಕ್ಕೆರಡು ದಿನ ಆಗೇತಿ, ನಾ ಹಬ್ಬಕ್ಕಂತ ಮಾಡಿದ್ದು ನಿಂದ್ರಸಾಕ ಬಿಡವಲ್ರು. ವಾರ್ತ್ಯಾಗ ನಮ್ಮ ಅಡಿಗಿಯವನ ಸಾರಿನ ಮ್ಯಾಲೆ ಟೀಕಿ ಬರಾಕತ್ತೇತಿ, ಅವ ನನ್ನ ಮ್ಯಾಲೆ ಸಿಟ್ಟಾಗ್ಯಾನ.

ಮತ್ತ ಸಂತಿ. ಮುತ್ಯಾರ ನೀವಿರಬೇಕಿತ್ತು. 50 ರೂಪಾಯಿ ನೋಟು ಕೊಟ್ರ ನಡಿಯಂಗಿಲ್ಲಂತ ಬ್ಯಾಂಕಿಗೆ ಹೋಗಿ ಹತ್ತರ ನಾಣ್ಯ ತಂದಿದ್ದೆ. ವರ್ಷದಿಂದ ಯಾರ ಜೋಡಿನೂ ಮಾತಾಡದ ಒಬ್ಬ ಅಜ್ಜಾರು ವಾಕರ್ ಹಿಡಕೊಂಡು ಮೂರೂ ಅಂಗಡಿ ಸುತ್ತಿ, ಹಕ್ಕರಕಿ ನೋಡಿ ಬಾಡೇತಿ ಅಂದು, ಮೆಂತೆ ಸೂಡು ಮೂಸಿ ನೋಡಿ, ಕಾಲು ತಾಸು ಜಗಳಾ ಆಡಿ 10 ರೂಪಾಯಿಗೆ ಎರಡು ಸೂಡು ತೊಗೊಂಡ್ರು. ಉಳದ 40 ರೂಪಾಯಿ ವಾಪಸ್ ಕೊಡ್ಲಿಲ್ಲ, ಮುಂದಿನ ಸಂತಿಗೆ ಬೇಕು ಅಂದ್ರು. ಬಳಿಗಾರನ ಹತ್ರ ಎಷ್ಟು ಮಂದಿ ಹೋದ್ರು ಅಂತ ನಾ ಎಣಿಸಿಲ್ಲ, ಸಂಜಿ ಊಟಕ್ಕ ಕುಂತಾಗ ತಾಟಿನ ಮ್ಯಾಲೆ ಸಪ್ಪಳ ಮಾತ್ರ ಕೇಳಸ್ತು.

15,000ದಾಗ 5,200 ಉಳದೇತಿ. ಮಣ್ಣೆತ್ತಿನ ಅಮಾಸಿಗೆ ಕೆರಿ ಮಣ್ಣು ತರಸಬೇಕಂತ ಅಜ್ಜಾರು ಕೇಳಾಕತ್ತಾರ, ಎತ್ತು ನಾವ ಮಾಡ್ತೀವಿ ಅಂತ.

ಗದಗ ಮುತ್ಯಾ

ಎಲ್ಲಾ ಚಲೋ ಆತು ತಂಗೀ. ಆದ್ರ 10ಕ್ಕ ಎರಡು ಸೂಡು ಮೆಂತೆ? ಆ ಅಜ್ಜಗ ಹೇಳು, ಮೋಸ ಹೋಗ್ಯಾನ. ನಮ್ಮ ಗದಗ ಸಂತ್ಯಾಗ ಮೂರು ಕೊಡ್ತಿದ್ರು.

ನವನಗರದಾಕಿ (ಹುಬ್ಬಳ್ಳಿ)

ಹೇಳಿದೆ ಮುತ್ಯಾರ. "ಗದಗಿನ ಮೆಂತೆ ಸೂಡು ಸಣ್ಣ ಇರತೈತಿ ಅಂತ ಬರಿ" ಅಂದ್ರು.